ಎರಡಾಣೆಯ ಉಳಿತಾಯ: ಪಿಗ್ಮಿ ಠೇವಣಿಯ ಕಥೆ



ಸಂಜೆಯ ಹೊತ್ತು ಹೆಗಲಿಗೆ ಚೀಲ ತೂಗುಹಾಕಿಕೊಂಡು, ಪೇಟೆಬೀದಿಯ ಒಂದೊಂದೇ ಅಂಗಡಿಯ ಮೆಟ್ಟಿಲು ಹತ್ತಿ ಇಳಿಯುವವರನ್ನು ನೀವು ನೋಡಿರಬಹುದು. ಹೂವಿನವರು, ಹೋಟೆಲಿನವರು, ಸೈಕಲ್ ರಿಪೇರಿಯವರು ಅವರ ಕೈಗೆ ಇಪ್ಪತ್ತೋ ಐವತ್ತೋ ರೂಪಾಯಿ ಕೊಟ್ಟು ರಸೀದಿ ಪಡೆಯುತ್ತಾರೆ. 'ಪಿಗ್ಮಿಯವರು ಬಂದರು' ಎಂಬ ಮಾತು ನಮ್ಮ ಊರುಗಳಲ್ಲಿ ಎಲ್ಲರಿಗೂ ಪರಿಚಿತ. ಈ ಮಾತಿನ ಹಿಂದೆ ಸುಮಾರು ನೂರು ವರ್ಷಗಳ ಇತಿಹಾಸವಿದೆ. ಕಡಿಮೆ ಆದಾಯದವರು ಹಣ ಉಳಿಸಿದ್ದು ಹೇಗೆ ಎಂಬುದಕ್ಕೆ ಅದರಲ್ಲಿ ಉತ್ತರವೂ ಇದೆ.

ಉಳಿತಾಯವೆಂಬುದು ಬ್ಯಾಂಕುಗಳು ಬಂದ ಮೇಲೆ ಹುಟ್ಟಿದ್ದಲ್ಲ. ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿಯನ್ನು ಬೇರೆ ಮಡಕೆಗೆ ಹಾಕಿಡುವ ರೂಢಿ ಅನೇಕ ಮನೆಗಳಲ್ಲಿತ್ತು. ಸಾಸಿವೆ ಡಬ್ಬಿಯಲ್ಲಿ ನಾಲ್ಕು ಕಾಸು ಬಚ್ಚಿಟ್ಟು ಆಪತ್ತಿನಲ್ಲಿ ಮನೆ ನಡೆಸಿದ ತಾಯಂದಿರ ಕಥೆ ನಿಮ್ಮ ಅಜ್ಜಿಗೂ ಗೊತ್ತಿರುತ್ತದೆ. ಆದರೆ ಮನೆಯಲ್ಲಿದ್ದ ಹಣಕ್ಕೆ ಕಳ್ಳರ ಭಯ. ಅದಕ್ಕಿಂತ ಹೆಚ್ಚಾಗಿ, ಕೈಗೆಟುಕುವ ಹಣ ಖರ್ಚಾಗಿಯೇ ತೀರುತ್ತಿತ್ತು.

1882ರಲ್ಲಿ ಭಾರತದಲ್ಲಿ ಅಂಚೆ ಕಚೇರಿ ಉಳಿತಾಯ ಬ್ಯಾಂಕು ಆರಂಭವಾಯಿತು. ಇದು ದೊಡ್ಡ ಹೆಜ್ಜೆಯೇ ಸರಿ. ಆದರೂ ದಿನಗೂಲಿಯವನ ತೊಡಕು ತೀರಲಿಲ್ಲ. ಎರಡಾಣೆ ಕಟ್ಟಲು ಕಚೇರಿಯ ಹೊತ್ತಿನಲ್ಲಿ ನಡೆದು ಹೋದರೆ ಆ ಹೊತ್ತಿನ ಕೂಲಿ ಕೈತಪ್ಪುತ್ತಿತ್ತು. ತಿಂಗಳ ಕೊನೆಗೆ ಒಟ್ಟಿಗೆ ಕಟ್ಟೋಣವೆಂದರೆ, ಅಷ್ಟರಲ್ಲಿ ಹಣವೇ ಉಳಿದಿರುತ್ತಿರಲಿಲ್ಲ.

ಈಗ ಕರಾವಳಿಯತ್ತ ಬರೋಣ. ಅಂದು ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆ ಬ್ಯಾಂಕುಗಳ ತವರೆನಿಸಿತ್ತು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆಯನ್ನೂ, ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮುಂದೆ ಕೆನರಾ ಬ್ಯಾಂಕ್ ಆದ ನಿಧಿಯನ್ನೂ ಸ್ಥಾಪಿಸಿದರು. 1925ರಲ್ಲಿ ಉಡುಪಿಯಲ್ಲೇ ಮತ್ತೊಂದು ಸಂಸ್ಥೆ ಹುಟ್ಟಿತು. ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ ಹಾಗೂ ವೈದ್ಯ ಡಾ. ಟಿ.ಎಂ.ಎ. ಪೈ ಅದರ ಸ್ಥಾಪಕರು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅವರ ಉದ್ದೇಶ. ಮೂಲ ಬಂಡವಾಳ ಕೇವಲ 8,000 ರೂಪಾಯಿ. ಮುಂದೆ ಇದೇ ಸಿಂಡಿಕೇಟ್ ಬ್ಯಾಂಕ್ ಆಯಿತು.

1928ರಲ್ಲಿ ಈ ಸಂಸ್ಥೆ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಪಿಗ್ಮಿ ಎಂದರೆ ಗಾತ್ರದಲ್ಲಿ ಬಲು ಚಿಕ್ಕದು ಎಂದರ್ಥ. ಜನ ಬ್ಯಾಂಕಿಗೆ ಬರಲಾಗದಿದ್ದರೆ ಬ್ಯಾಂಕೇ ಜನರ ಮನೆಬಾಗಿಲಿಗೆ ಹೋಗಲಿ ಎಂಬುದು ಯೋಜನೆಯ ಸಾರ. ಪ್ರತಿನಿಧಿಯೊಬ್ಬರು ದಿನವೂ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆಯುತ್ತಿದ್ದರು.

ಎರಡಾಣೆಯಿಂದ ಏನಾದೀತು ಎನ್ನುವಿರಾ? ಲೆಕ್ಕ ಹಾಕಿ ನೋಡಿ. ಆಗ ರೂಪಾಯಿಗೆ ಹದಿನಾರು ಆಣೆ. ದಿನಕ್ಕೆ ಎರಡಾಣೆಯಂತೆ ತಿಂಗಳಿಗೆ 3 ರೂಪಾಯಿ 12 ಆಣೆ. ವರ್ಷಕ್ಕೆ, ಬಡ್ಡಿ ಬಿಟ್ಟೇ, 45 ರೂಪಾಯಿ 10 ಆಣೆ. ಇಷ್ಟು ಹಣವನ್ನು ಒಂದೇ ಸಲ ತೆಗೆದಿಡು ಎಂದಿದ್ದರೆ ನೇಕಾರನಿಗೆ ಎಂದಿಗೂ ಸಾಧ್ಯವಾಗುತ್ತಿರಲಿಲ್ಲ. ಹನಿಗೂಡಿದರೆ ಹಳ್ಳ ಎಂಬ ಗಾದೆ ಎಲ್ಲರಿಗೂ ಗೊತ್ತಿತ್ತು. ಆ ಹನಿಯನ್ನು ದಿನವೂ ಹಿಡಿದಿಡುವ ವ್ಯವಸ್ಥೆಯನ್ನು ಒದಗಿಸಿದ್ದು ಪಿಗ್ಮಿ. ಸಂಪಾದನೆ ಕೈಗೆ ಬಂದ ದಿನವೇ, ಖರ್ಚಾಗುವ ಮೊದಲೇ, ಒಂದು ಪಾಲು ಹೊರಟು ಹೋಗುತ್ತಿತ್ತು. ನಾಳೆಯೂ ಪ್ರತಿನಿಧಿ ಬರುತ್ತಾರೆಂಬ ಎಚ್ಚರ ಅಭ್ಯಾಸವನ್ನು ಬೆಳೆಸಿತು.

ಆದರೆ ಉಳಿಸಿದ ಹಣ ಸುರಕ್ಷಿತವಾಗಿಯೂ ಇರಬೇಕಲ್ಲವೆ? 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಚ್ಚಿದಾಗ ಠೇವಣಿದಾರರು ಕಂಗೆಟ್ಟರು. ಬಳಿಕ 1962ರಲ್ಲಿ ಠೇವಣಿ ವಿಮೆ ಜಾರಿಗೆ ಬಂತು. ಆಗ ಒಬ್ಬ ಠೇವಣಿದಾರನಿಗೆ 1,500 ರೂಪಾಯಿವರೆಗೆ ರಕ್ಷಣೆ. 2020ರಲ್ಲಿ ಅದು 5 ಲಕ್ಷಕ್ಕೇರಿತು. ಇಲ್ಲೊಂದು ವಿಷಯ ನೆನಪಿಡಿ. ಈ ವಿಮೆ ಬ್ಯಾಂಕುಗಳಿಗೆ ಅನ್ವಯಿಸುತ್ತದೆ. ಸಹಕಾರಿ ಬ್ಯಾಂಕುಗಳೂ ಇದರಲ್ಲಿ ಸೇರಿವೆ. ಆದರೆ ಪಿಗ್ಮಿ ಸಂಗ್ರಹಿಸುವ ಪತ್ತಿನ ಸಹಕಾರ ಸಂಘಗಳಿಗೆ ಈ ರಕ್ಷಣೆಯಿಲ್ಲ. ಆದ್ದರಿಂದ ಮನೆಯವರು ಪಿಗ್ಮಿ ಕಟ್ಟುತ್ತಿದ್ದರೆ ಅದು ಬ್ಯಾಂಕೋ ಸಂಘವೋ ಎಂದು ಕೇಳಿ ತಿಳಿಯಿರಿ. ದಿನದ ರಸೀದಿಯನ್ನು ಪಾಸ್‌ಪುಸ್ತಕದೊಡನೆ ತಾಳೆ ನೋಡುವ ಕೆಲಸವನ್ನು ನೀವೇ ವಹಿಸಿಕೊಳ್ಳಿ.

ಬಿಸಿಲು ಮಳೆಯೆನ್ನದೆ ಮನೆಮನೆಗೆ ನಡೆದ ಸಂಗ್ರಹಕಾರರನ್ನೂ ಮರೆಯಬಾರದು. ಅವರು ಕೇವಲ ಕಮಿಷನ್ ಪಡೆಯುವ ಏಜೆಂಟರೋ, ಇಲ್ಲವೆ ಕಾನೂನಿನ ಪ್ರಕಾರ ಕೆಲಸಗಾರರೋ ಎಂಬ ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅವರು ಕೆಲಸಗಾರರೇ ಎಂದು 2001ರಲ್ಲಿ ನ್ಯಾಯಾಲಯ ತೀರ್ಪಿತ್ತಿತು.

1969ರಲ್ಲಿ ರಾಷ್ಟ್ರೀಕರಣಗೊಂಡ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬ್ಯಾಂಕಿನ ಹೆಸರು ಮರೆಯಾದರೂ ಅದು ಕಲಿಸಿದ ಪಾಠ ಉಳಿದಿದೆ.

ನೀವೂ ಇದನ್ನು ಪ್ರಯೋಗಿಸಿ ನೋಡಬಹುದು. ಒಂದು ವಾರ, ಬಸ್ಸು, ತಿಂಡಿ, ಮೊಬೈಲ್ ಎಂದು ಕೈಬಿಟ್ಟ ಪ್ರತಿ ರೂಪಾಯಿಯನ್ನೂ ಬರೆದಿಡಿ. ಬೇಡವಾಗಿದ್ದ ಖರ್ಚು ತಾನಾಗಿ ಕಣ್ಣಿಗೆ ಬೀಳುತ್ತದೆ. ಅದರಿಂದ ದಿನಕ್ಕೆ ಹತ್ತು ರೂಪಾಯಿಯನ್ನು ಬೆಳಿಗ್ಗೆಯೇ ಬೇರೆ ತೆಗೆದಿಟ್ಟು, ತಿಂಗಳಿಗೊಮ್ಮೆ ಅಂಚೆ ಕಚೇರಿಯ ಇಲ್ಲವೆ ಬ್ಯಾಂಕಿನ ನಿಮ್ಮ ಖಾತೆಗೆ ಕಟ್ಟಿ. ವರ್ಷಕ್ಕೆ 3,650 ರೂಪಾಯಿಯಾಗುತ್ತದೆ. ಪರೀಕ್ಷಾ ಶುಲ್ಕಕ್ಕೋ ಪುಸ್ತಕಕ್ಕೋ ತಂದೆ ಸಾಲ ಮಾಡಬೇಕಾಗಿ ಬಂದ ದಿನ, 'ಅಪ್ಪಾ, ನನ್ನ ಹತ್ತಿರ ಇದೆ' ಎಂದು ನೀವು ಹೇಳಬಹುದು. ಎರಡಾಣೆ ಕೂಡಿಸಿದ ನೇಕಾರನೂ ಅಂಥದೇ ಒಂದು ದಿನಕ್ಕಾಗಿ ಕೂಡಿಸುತ್ತಿದ್ದ.