ಫೆಬ್ರವರಿಯ ಮುನ್ನೂರು ರೂಪಾಯಿ

ಖರಾಡಿಯಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥ ಸಂಬಳದಾರರ ವೇತನಚೀಟಿಯಲ್ಲಿ ‘ವೃತ್ತಿ ತೆರಿಗೆ’ ಎಂಬ ಸಣ್ಣದೊಂದು ಸಾಲು ಇರುತ್ತದೆ. ಹನ್ನೊಂದು ತಿಂಗಳು 200 ರೂಪಾಯಿ, ಫೆಬ್ರವರಿಯಲ್ಲಿ ಮಾತ್ರ 300. ಒಟ್ಟು ವರ್ಷಕ್ಕೆ 2,500. ಸಂವಿಧಾನದ 276ನೆಯ ವಿಧಿ ಅದಕ್ಕಿಂತ ಹೆಚ್ಚು ಹಿಡಿಯಲು ಬಿಡುವುದಿಲ್ಲ. ವರ್ಷಗಟ್ಟಲೆ ಆ ಸಾಲನ್ನು ನಾವು ಓದದೆಯೇ ದಾಟಿದ್ದೆವು. ಅದು ಏಕೆ ಹುಟ್ಟಿತೆಂದು ಹುಡುಕಹೊರಟಾಗ ದೊರೆತದ್ದು ಬರಗಾಲದಲ್ಲಿ ಕಲ್ಲು ಒಡೆದವರ ಚರಿತ್ರೆ. ಅವರಲ್ಲಿ ನಮ್ಮ ಕಡೆಯವರೂ ಇದ್ದರು.

ಚರಿತ್ರೆಯನ್ನು 1876ರಿಂದ ಆರಂಭಿಸುವುದು ಯುಕ್ತ. ಹಳೆ ಮೈಸೂರಿನವರು ಧಾತು-ಈಶ್ವರ ಬರವೆಂದು ನೆನೆಯುತ್ತಿದ್ದ ಆ ಕ್ಷಾಮದಲ್ಲಿ ಕಲಾದಗಿ, ಬೆಳಗಾವಿ, ಧಾರವಾಡ ಜಿಲ್ಲೆಗಳು ಪುಣೆ, ಸೊಲ್ಲಾಪುರಗಳೊಡನೆ ಒಂದೇ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಸರ್ಕಾರ ರಸ್ತೆ, ಕೆರೆಗಳ ಬರಗಾಲ ಕಾಮಗಾರಿ ತೆರೆದು ಕೂಲಿ ಕೊಡುತ್ತಿತ್ತು. 1877ರಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ಬಂದ ರಿಚರ್ಡ್ ಟೆಂಪಲ್ ಆ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ ಮತ್ತು ಸ್ವಲ್ಪ ಚಿಲ್ಲರೆಗೆ ಇಳಿಸಿದ. ಹೆಚ್ಚು ಕೊಟ್ಟರೆ ಜನ ಸರ್ಕಾರಕ್ಕೆ ಜೋತುಬೀಳುತ್ತಾರೆಂಬುದು ಅವನ ವಾದ. ಮುಂಬಯಿ ಪ್ರಾಂತ್ಯದ ಹಸಿದ ಕೂಲಿಕಾರರು ಆ ಕೂಲಿಯನ್ನು ಒಪ್ಪದೆ ಕಾಮಗಾರಿಗಳನ್ನು ಬಿಟ್ಟು ನಡೆದರು. 1870ರಲ್ಲಿ ಸ್ಥಾಪಿತವಾಗಿದ್ದ ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ದನಿಯೆತ್ತಿತು. ಆದರೂ ಅದೇ ವರ್ಷ ಟೆಂಪಲ್ ಮುಂಬಯಿಯ ಗವರ್ನರನೇ ಆದ. 1880ರ ಕ್ಷಾಮ ಆಯೋಗದ ಬಳಿಕ ಬಂದ ಕ್ಷಾಮ ಸಂಹಿತೆಗಳು ಕೆಲಸ ಕೊಡುವುದು ಸರ್ಕಾರದ ಕರ್ತವ್ಯವೆಂದವು. ಆದರೆ ಬರ ಬಂದಿದೆಯೆಂದು ಸಾರುವ ಅಧಿಕಾರ ಸರ್ಕಾರದಲ್ಲೇ ಉಳಿಯಿತು. ಕೆಲಸ ಬೇಕೆಂದು ಕೇಳುವವನಿಗೆ ಯಾವ ಹಕ್ಕೂ ದೊರೆಯಲಿಲ್ಲ.

ಬರವಿಲ್ಲದ ವರ್ಷದಲ್ಲಿಯೂ ಭೂಮಿಯಿಲ್ಲದವನಿಗೆ ಬೇಸಿಗೆ ಬರಗಾಲವೇ ಅಲ್ಲವೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸಭಾಪತಿ ವಿ. ಸ. ಪಾಗೆ. ನಮ್ಮ ಗಡಿಗೆ ತಾಗಿದ ಸಾಂಗ್ಲಿ ಜಿಲ್ಲೆಯ ತಾಸಗಾಂವ್ ತಾಲ್ಲೂಕಿನಲ್ಲಿ 1965ರಲ್ಲಿ ಅವರ ಯೋಚನೆಯ ಪ್ರಯೋಗ ನಡೆಯಿತು. ದುಡಿಯಲು ಸಿದ್ಧನಿರುವ ಹಳ್ಳಿಗನಿಗೆ ಕೆಲಸ ಕೊಡಬೇಕು, ಆ ಕೆಲಸದಿಂದ ಬದುವೋ ಇಂಗುಕೆರೆಯೋ ಊರಿಗೆ ಉಳಿಯಬೇಕು ಎಂಬುದು ಅದರ ತಿರುಳು. ಯೋಜನೆ 1972ರಲ್ಲಿ ರಾಜ್ಯದಾದ್ಯಂತ ಕಣ್ಣುಬಿಡುವ ಹೊತ್ತಿಗೆ ಭೀಕರ ಬರ ಎರಗಿತು. 1973ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಬರಗಾಲ ಕಾಮಗಾರಿಗಳಲ್ಲಿ ದುಡಿದವರು ಸುಮಾರು 50 ಲಕ್ಷ ಮಂದಿ. ಕೆಲಸ ಕೇಳುವವರು ಸೋಮಾರಿಗಳೆಂಬ ಟೆಂಪಲನ ಕಾಲದ ಗುಮಾನಿಗೆ ಅದಕ್ಕಿಂತ ದೊಡ್ಡ ಉತ್ತರ ಬೇಕಿರಲಿಲ್ಲ.

ಹಣ ಎಲ್ಲಿಂದ ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ಉತ್ತರವಾಗಿ 1975ರಲ್ಲಿ ವೃತ್ತಿ ತೆರಿಗೆ ಬಂತು. ಇದರೊಡನೆ ಬೇರೆ ಕೆಲವು ತೆರಿಗೆಗಳಿಂದ ಎಷ್ಟು ಕೂಡುತ್ತದೆಯೋ ಅಷ್ಟೇ ಮೊತ್ತವನ್ನು ಸರ್ಕಾರವೂ ಹಾಕಬೇಕೆಂಬ ಏರ್ಪಾಡಾಯಿತು. ನಗರದ ಸಂಬಳದಾರ ಹಳ್ಳಿಯ ಕೂಲಿಗೆ ಪಾಲು ಕೊಡಬೇಕೆಂಬುದನ್ನು ಒಂದು ರಾಜ್ಯ ಶಾಸನದಲ್ಲಿ ಬರೆದಿಟ್ಟಿತು. ದೊಡ್ಡ ರೈತರೂ ಹೆಚ್ಚು ಅಡ್ಡಿ ಮಾಡಲಿಲ್ಲ. ಕೂಲಿಯವರು ಕಟ್ಟಿದ ರಸ್ತೆ, ಇಂಗುಕೆರೆಗಳ ಲಾಭ ಅವರಿಗೂ ಇತ್ತಷ್ಟೆ. 1977ರಲ್ಲಿ ವಿಧಾನಮಂಡಲ ಒಪ್ಪಿದ ಉದ್ಯೋಗ ಖಾತರಿ ಕಾಯ್ದೆ 1979ರ ಜನವರಿ 26ರಂದು ಜಾರಿಗೆ ಬಂತು. ಅರ್ಜಿ ಹಾಕಿದ 15 ದಿನಗಳೊಳಗೆ ಕೆಲಸ. ತಪ್ಪಿದರೆ ದಿನಕ್ಕೆ ಕನಿಷ್ಠ ಒಂದು ರೂಪಾಯಿ ಭತ್ಯೆ. ಮೊತ್ತ ಚಿಕ್ಕದು. ಆದರೆ ಅಂದಿನಿಂದ ಕೆಲಸ ಕೊಡದಿದ್ದರೆ ಸರ್ಕಾರವೇ ತಪ್ಪಿತಸ್ಥನಾಗುತ್ತಿತ್ತು.

ಇತ್ತ ನಮ್ಮ ಕರ್ನಾಟಕವೂ 1976ರಲ್ಲಿ ವೃತ್ತಿ ತೆರಿಗೆಯ ಕಾಯ್ದೆ ಮಾಡಿತು. ತೆರಿಗೆ ಬಂತು, ಕೆಲಸ ಕೇಳುವ ಹಕ್ಕು ಬರಲಿಲ್ಲ. ಅದಕ್ಕಾಗಿ ನಮ್ಮ ಹಳ್ಳಿಗಳು ಸಂಸತ್ತಿನ 2005ರ ಕಾಯ್ದೆಯವರೆಗೆ ಕಾದವು. ಮಹಾರಾಷ್ಟ್ರದ ಅನುಭವದ ಬೆನ್ನಲ್ಲಿ ಬಂದ ಆ ಕಾಯ್ದೆ 2006ರಲ್ಲಿ ದೇಶದ 200 ಜಿಲ್ಲೆಗಳಲ್ಲಿ ಮೊದಲು ಜಾರಿಯಾದಾಗ ಬೀದರ್, ಗುಲ್ಬರ್ಗ, ರಾಯಚೂರು, ಚಿತ್ರದುರ್ಗ, ದಾವಣಗೆರೆಗಳು ಆ ಪಟ್ಟಿಯಲ್ಲಿದ್ದವು. ನಡುವಿನ ಮೂರು ದಶಕ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯ ಕುಟುಂಬಗಳು ಸುಗ್ಗಿ ಮುಗಿದೊಡನೆ ಗಂಟುಮೂಟೆ ಕಟ್ಟಿ ಪುಣೆ, ಮುಂಬಯಿಗಳ ದಾರಿ ಹಿಡಿದವು. ಇಲ್ಲಿನ ಖಾತರಿ ಮಹಾರಾಷ್ಟ್ರದ ಹಳ್ಳಿಗಳಿಗಷ್ಟೆ. ಪುಣೆಯ ಗೋಡೆ ಎಬ್ಬಿಸಿದ ಕನ್ನಡದ ಕೂಲಿಗೆ ಅದು ಊರಿನಲ್ಲೂ ಇರಲಿಲ್ಲ, ಇಲ್ಲಿಯೂ ಇರಲಿಲ್ಲ.

ಖರಾಡಿಯೇ ಒಂದು ಕಾಲಕ್ಕೆ ಹಳ್ಳಿ. ಮುಳಾ-ಮುಠಾ ನದಿಯ ದಂಡೆಯ ಈ ಊರು 1997ರಲ್ಲಿ ಮಹಾನಗರಪಾಲಿಕೆಗೆ ಸೇರಿತು. ಹೊಲಗಳಿದ್ದಲ್ಲಿ ಇಂದು ಈಆನ್ ಐಟಿ ಪಾರ್ಕಿನ ಗಾಜಿನ ಕಟ್ಟಡಗಳು. ಬೆಳಗಿನ ಹೊತ್ತು ಖರಾಡಿ ಬೈಪಾಸಿನ ಕಡೆ ಹೋದರೆ, ಬುತ್ತಿ ಹಿಡಿದು ಕೂಲಿಗೆ ಕಾಯುವವರ ನಡುವೆ ಕನ್ನಡ ಕಿವಿಗೆ ಬೀಳುತ್ತದೆ. ಆಳಂದ ಕಡೆಯಿಂದ ಬಂದು ಇಲ್ಲಿ ಕಾವಲುಗಾರನಾಗಿರುವ, ಬಿ.ಎ. ಮುಗಿಸಿದ ಯುವಕನೊಬ್ಬನನ್ನು ಊರಲ್ಲಿ ಉದ್ಯೋಗ ಖಾತರಿ ಇಲ್ಲವೇ ಎಂದು ಕೇಳಿದೆವು. “ಅದರೀ ಸರ. ನಮ್ಮವ್ವ ಹೋಗ್ತಾಳ. ಡಿಗ್ರಿ ಮಾಡಿದ ನಾ ಗುದ್ದಲಿ ಹಿಡದ್ರ ಮಂದಿ ನಗ್ತಾರ್ರೀ,” ಎಂದ. ಅವನ ತಂಗಿ ಈಗ ಕಾಲೇಜಿನಲ್ಲಿದ್ದಾಳಂತೆ. ಅವಳ ಶುಲ್ಕ ಇವನ ಸಂಬಳದಿಂದ ಹೋಗುತ್ತದೆ.

ಅವನ ಮಾತಿಗೆ ಪಾಗೆಯವರ ಕಾಯ್ದೆಯಲ್ಲಿ ಉತ್ತರವಿಲ್ಲ. ಅದು ಕೌಶಲವಿಲ್ಲದ ದೇಹಶ್ರಮಕ್ಕೆ ಬರೆದದ್ದು. ಇಂದು ಎರಡೂ ರಾಜ್ಯಗಳು ಓದಿದ ಯುವಕರಿಗೆ ಬೇರೆ ದಾರಿ ಹಿಡಿದಿವೆ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆಗೊಂಡ ಕರ್ನಾಟಕದ ಯುವನಿಧಿ, ಕೆಲಸ ಸಿಗದ ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿಯನ್ನು ಹೆಚ್ಚೆಂದರೆ ಎರಡು ವರ್ಷ ಕೊಡುತ್ತದೆ. ಅದೇ ವರ್ಷ ಮಹಾರಾಷ್ಟ್ರ ತರಬೇತಿಯ ಹೆಸರಿನಲ್ಲಿ ಪದವೀಧರನಿಗೆ ತಿಂಗಳಿಗೆ 10,000 ರೂಪಾಯಿ ಗೊತ್ತುಮಾಡಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಹೊಸ ಗ್ರಾಮೀಣ ಉದ್ಯೋಗ ಕಾಯ್ದೆಯಿಂದ ದಿನಗಳನ್ನು 100ರಿಂದ 125ಕ್ಕೆ ಏರಿಸಿ, ಖರ್ಚಿನಲ್ಲಿ ರಾಜ್ಯಗಳ ಪಾಲನ್ನೂ ಹೆಚ್ಚಿಸಿದಾಗ ವಾದ ಮತ್ತೆ ಬಿಸಿಯೇರಿತು. ಕೇಂದ್ರ ಸರ್ಕಾರದ ನೌಕರರಾದ ನಾವು ಅದರಲ್ಲಿ ಪಕ್ಷ ಹಿಡಿಯುವಂತಿಲ್ಲ.

ಚರಿತ್ರೆಯ ಓದುಗರಾಗಿ ಒಂದು ಮಾತನ್ನಷ್ಟೆ ಹೇಳಬಹುದು. 1877ರಲ್ಲಿ ಚರ್ಚೆಯಾದದ್ದು ಎಷ್ಟು ಕಡಿಮೆ ಕೊಡಬಹುದು ಎಂದು. 1965ರಲ್ಲಿ ಕೇಳಿದ್ದು, ಕೊಟ್ಟ ಹಣದಿಂದ ಊರಿನಲ್ಲಿ ಏನು ಉಳಿಯುತ್ತದೆ ಎಂದು. ಪುಣೆಗೆ ದೂರವಲ್ಲದ ಹಿವರೆ ಬಾಜಾರ್ ಮಳೆನೀರನ್ನು ಹಿಡಿದು, ಗುಳೆ ಹೋಗಿದ್ದ ಕುಟುಂಬಗಳನ್ನು ಮರಳಿ ಕರೆಸಿಕೊಂಡದ್ದು ಆ ಎರಡನೆಯ ಪ್ರಶ್ನೆಯನ್ನು ಬಿಡದೆ ಕೇಳಿಕೊಂಡದ್ದರಿಂದ. ಓದಿದವರ ಮಟ್ಟಿಗೆ ಅದನ್ನು ಇನ್ನೂ ಯಾವ ಸದನವೂ ನೆಟ್ಟಗೆ ಕೇಳಿಲ್ಲವೆಂದು ನಮಗೆ ತೋರುತ್ತದೆ. ಆಳಂದದ ಆ ತಂಗಿ ಪದವಿ ಮುಗಿಸುವ ಹೊತ್ತಿಗಾದರೂ ಯಾರಾದರೂ ಕೇಳಿಯಾರೆ? ಬರುವ ಫೆಬ್ರವರಿಯಲ್ಲಿ ನಮ್ಮ ಚೀಟಿಯ ಆ 300 ರೂಪಾಯಿಯನ್ನು ಓದುವಾಗ ನಮಗೆ ನೆನಪಾಗುವವಳು ಅವಳೇ.