ಸಕ್ಕರೆ ಅಚ್ಚಿನ ಹಿಂದೆ ಒಂದಿಷ್ಟು ಚರಿತ್ರೆ

ಸಂಕ್ರಾಂತಿಗೆ ಹದಿನೈದು ದಿನ ಉಳಿದಿರುವಾಗ ನಮ್ಮ ಮನೆಯ ಅಟ್ಟದಿಂದ ಒಂದು ತಗಡಿನ ಡಬ್ಬಿ ಕೆಳಗಿಳಿಯುತ್ತದೆ. ಅಟ್ಟವೆಂದೆವು, ಕೊಂಡಾಪುರದ ಫ್ಲಾಟಿಗೆ ಅಟ್ಟವೆಲ್ಲಿಂದ ಬರಬೇಕು, ಸ್ನಾನದ ಮನೆಯ ಮೇಲಿನ ಸಜ್ಜಾ ಎನ್ನುವುದು ಸರಿ. ಡಬ್ಬಿಯೊಳಗೆ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಸಾಗುವಾನಿ ಮರದ ಸಕ್ಕರೆ ಅಚ್ಚುಗಳಿವೆ: ಆನೆ, ನವಿಲು, ಗಿಳಿ, ತೇರು, ತುಳಸಿ ಬೃಂದಾವನ. ನಮ್ಮ ತಾಯಿಯವರು ಮಂಡ್ಯದಿಂದ ತಂದು, ನೌಕರಿಯ ವರ್ಗಾವಣೆಯಾದಾಗಲೆಲ್ಲ ಸಾಮಾನಿನ ಲಾರಿಗೆ ಹಾಕಲೊಪ್ಪದೆ ತಮ್ಮ ಕೈಚೀಲದಲ್ಲೇ ಇಟ್ಟುಕೊಂಡು ಬಂದವು ಇವು. ಕಳೆದ ವರ್ಷ ಎಣಿಸಿ ನೋಡಿದೆವು. ಒಟ್ಟು ಹದಿನೆಂಟು ಜೋಡಿಗಳಲ್ಲಿ ಐದಕ್ಕೆ ಜೊತೆಯ ಅರ್ಧ ಇಲ್ಲ. ಉಳಿದ ಅರ್ಧಗಳನ್ನು ಎಸೆಯಬೇಕೋ ಇಟ್ಟುಕೊಳ್ಳಬೇಕೋ ಎಂಬ ಚರ್ಚೆ ಮನೆಯಲ್ಲಿ ನಡೆಯಿತು. ಈ ಲೇಖನಕ್ಕೆ ಆ ಚರ್ಚೆಯೇ ಕಾರಣ.

ಮಾಡುವ ಕ್ರಮವನ್ನು ತಿಳಿಯದ ಓದುಗರಿಗಾಗಿ ಮೊದಲು ಹೇಳಿಬಿಡುತ್ತೇವೆ. ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಬೇಕು. ಒಂದು ಕಿಲೋ ಸಕ್ಕರೆಗೆ ಸುಮಾರು ಅರ್ಧ ಲೀಟರು ನೀರು ಹಾಕಿ ಕುದಿಸಿ, ಎರಡು ಮೂರು ಚಮಚ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ಒದ್ದೆ ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಒಂದೊಂದೇ ಸೌಟು ಪಾಕವನ್ನು ಚಿಕ್ಕ ಪಾತ್ರೆಗೆ ತೆಗೆದುಕೊಂಡು, ತಣ್ಣೀರಿಗೆ ಬಿಟ್ಟರೆ ಮೆತ್ತನೆಯ ಉಂಡೆಯಾಗುವ ಹದಕ್ಕೆ ಕಾಯಿಸಿ, ಪಾತ್ರೆಯ ಅಂಚಿಗೆ ಸೌಟಿನಿಂದ ಉಜ್ಜುತ್ತಾ ತಿರುವಬೇಕು. ಪಾಕ ಬೆಳ್ಳಗೆ ಮಬ್ಬಾಗುತ್ತಿದ್ದಂತೆ, ದಾರ ಸುತ್ತಿ ನಿಲ್ಲಿಸಿದ ಅಚ್ಚಿಗೆ ಒಂದೇ ಧಾರೆಯಲ್ಲಿ ಹೊಯ್ಯಬೇಕು. ಐದು ಹತ್ತು ನಿಮಿಷದಲ್ಲಿ ಬಿಚ್ಚಿದರೆ ಆನೆ ಸಿದ್ಧ.

ಬಿ.ಎಸ್‌ಸಿ. ಓದಿದ ತಪ್ಪಿಗೆ ಎರಡು ಮಾತು ಸೇರಿಸದೆ ಇರಲಾರೆವು. ಹಾಲಿನ ಪ್ರೋಟೀನು ಬಿಸಿಗೆ ಒಡೆದು ಗರಣೆ ಕಟ್ಟುವಾಗ ಕೊಳೆಯನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಕಾಯಿಸಿದ ಪಾಕವು ಆರುತ್ತಾ, ತಾನು ಹಿಡಿದಿಟ್ಟುಕೊಳ್ಳಬಲ್ಲದ್ದಕ್ಕಿಂತ ಹೆಚ್ಚು ಸಕ್ಕರೆಯನ್ನು ಹೊತ್ತ ದ್ರಾವಣವಾಗುತ್ತದೆ. ಉಜ್ಜಿದ ಕೂಡಲೇ ಸಣ್ಣ ಹರಳುಗಳು ಹುಟ್ಟಿ, ಅವನ್ನು ನೋಡಿ ಉಳಿದವೂ ಹರಳಾಗುತ್ತವೆ. ಕೆಲವರು ಬಿಳುಪು ಬರಲೆಂದು ನಿಂಬೆರಸ ಹಿಂಡುತ್ತಾರೆ. ಹುಳಿ ಹೆಚ್ಚಾದರೆ ಸಕ್ಕರೆ ಗ್ಲೂಕೋಸು, ಫ್ರಕ್ಟೋಸುಗಳಾಗಿ ಒಡೆದು ಹರಳುಗಟ್ಟುವುದೇ ಇಲ್ಲ. ಒಮ್ಮೆ ನಾವು ಅರ್ಧ ಹೋಳು ಹಿಂಡಿ, ಹನ್ನೆರಡು ಗಿಳಿಗಳ ಬದಲು ಒಂದು ಬಟ್ಟಲು ಅಂಟು ಪಡೆದೆವು. ಇನ್ನು ನೆನೆಹಾಕುವುದೇಕೆಂದರೆ, ಮರ ಮೊದಲೇ ನೀರು ಕುಡಿದಿದ್ದರೆ ಪಾಕವನ್ನು ಕುಡಿಯುವುದಿಲ್ಲ. ಅವಸರದಲ್ಲಿ ಒಂದು ಸಲ ಹಾಗೆಯೇ ಹೊಯ್ದಾಗ ನವಿಲು ಅಂಟಿಕೊಂಡಿತು. ಚಾಕುವಿನಿಂದ ಕೀಳಲು ಹೋಗಿ ಅಚ್ಚಿನ ಕೊಕ್ಕಿನ ಬಳಿ ಕಚ್ಚು ಮಾಡಿದೆವು. ಅಂದಿನಿಂದ ನಮ್ಮ ಮನೆಯ ನವಿಲುಗಳಿಗೆಲ್ಲ ಕೊಕ್ಕಿನ ಕೆಳಗೊಂದು ಗಂಟು ಇರುತ್ತದೆ.

ಇಷ್ಟು ವರ್ಷ ಇದನ್ನು ಮಾಡಿದರೂ ಅಚ್ಚು ಎರಡು ಅರ್ಧವಾಗಿರುವುದೇಕೆ ಎಂದು ನಾವು ಯೋಚಿಸಿದವರಲ್ಲ. ಯೋಚಿಸುವಂತೆ ಮಾಡಿದ್ದು ಒಂದು ವಿಳಾಸದ ಗೊಂದಲ. ಮೈಸೂರಿನಿಂದ ಬಂದ ನಮ್ಮ ಸೋದರಮಾವ ಕಾಫಿ ಕುಡಿಯುತ್ತಾ, “ನಿಮ್ಮ ಕೊಂಡಾಪುರದ ಮ್ಯೂಸಿಯಂ ತೋರಿಸಯ್ಯಾ, ಶಾತವಾಹನರ ಊರಂತೆ” ಎಂದರು. ನಮ್ಮ ಕೊಂಡಾಪುರದಲ್ಲಿ ಬೊಟಾನಿಕಲ್ ಗಾರ್ಡನ್ ಇದೆ, ಪಕ್ಕದ ಮಾದಾಪುರದಲ್ಲಿ ಶಿಲ್ಪಾರಾಮವಿದೆ, 1998ರಲ್ಲಿ ತೆರೆದ ಸೈಬರ್ ಟವರ್ಸ್ ಇದೆ. ಶಾತವಾಹನರು ಮಾತ್ರ ಇಲ್ಲ. ಅವರು ಹೇಳಿದ ಕೊಂಡಾಪುರ ಹೈದರಾಬಾದಿನಿಂದ ಸುಮಾರು 70 ಕಿಲೋಮೀಟರು ದೂರದಲ್ಲಿ, ಹಿಂದೆ ಮೇದಕಕ್ಕೆ ಸೇರಿ 2016ರಿಂದ ಸಂಗಾರೆಡ್ಡಿ ಜಿಲ್ಲೆಯಲ್ಲಿರುವ ಹಳ್ಳಿ. ಹೆಸರೊಂದೇ, ಊರು ಬೇರೆ. ಮಾವನವರ ಹಟಕ್ಕೆ ಒಂದು ಭಾನುವಾರ ಹೋಗಿಯೇ ಬಂದೆವು.

ಅಲ್ಲಿಯ ದಿಬ್ಬಗಳನ್ನು ನಿಜಾಮ ಸರ್ಕಾರದ ಪುರಾತತ್ವ ಇಲಾಖೆ 1940ರಿಂದ 1942ರವರೆಗೆ ಅಗೆಯಿತು. 1914ರಲ್ಲಿ ಸ್ಥಾಪನೆಯಾದ ಆ ಇಲಾಖೆಗೆ ಮೊದಲಿನಿಂದಲೂ ನಿರ್ದೇಶಕರಾಗಿದ್ದವರು, ಅಜಂತಾ ಚಿತ್ರಗಳ ಗ್ರಂಥದಿಂದ ಹೆಸರಾದ ಗುಲಾಂ ಯಾಜ್ದಾನಿಯವರು. ಅಗೆತದಲ್ಲಿ ಶಾತವಾಹನರ ನಾಣ್ಯಗಳು, ರೋಮಿನ ನಾಣ್ಯ, ರಾಶಿ ರಾಶಿ ಮಣಿಗಳು ದೊರೆತವು. ನಮ್ಮನ್ನು ನಿಲ್ಲಿಸಿದ್ದು ಗೊಂಬೆಗಳು. ಕೆಯೋಲಿನ್ ಎಂಬ ನಯವಾದ ಬಿಳಿ ಜೇಡಿಯಲ್ಲಿ ಮಾಡಿದ ಸಣ್ಣ ಗೊಂಬೆಗಳು ಅವು. ತಲೆಗೂದಲಿನ ಅಲಂಕಾರ, ಕಿವಿಯ ಓಲೆ, ಕೊರಳ ಹಾರ ಎಲ್ಲ ಸ್ಪಷ್ಟ. ಮುಂದಿನ ಅರ್ಧಕ್ಕೊಂದು, ಹಿಂದಿನ ಅರ್ಧಕ್ಕೊಂದು ಅಚ್ಚಿನಲ್ಲಿ ಜೇಡಿಯನ್ನು ಒತ್ತಿ, ಎರಡನ್ನೂ ಜೋಡಿಸಿ ಸುಟ್ಟವು, ಒಳಗೆ ಟೊಳ್ಳು. ಮಗಳು ಗಾಜಿಗೆ ಮೂಗು ಒತ್ತಿ ನೋಡುತ್ತಾ, “ಅಪ್ಪಾ, ಪಕ್ಕದಲ್ಲಿ ಗೆರೆ ಇದೆ, ನಮ್ಮ ಸಕ್ಕರೆ ಆನೆಗೆ ಇರುತ್ತಲ್ಲ ಹಾಗೆ” ಎಂದಳು. ಎರಡು ಅರ್ಧ ಕೂಡುವಲ್ಲಿ ಏಳುವ ಗೆರೆ ಅದು.

ಶಾತವಾಹನರ ಜೇಡಿ ಅಚ್ಚಿನಿಂದಲೇ ಮಂಡ್ಯದ ಸಕ್ಕರೆ ಅಚ್ಚು ಬಂತೆಂದು ನಾವು ವಾದಿಸುವುದಿಲ್ಲ; ಎರಡು ಸಾವಿರ ವರ್ಷವನ್ನು ಒಂದೇ ನೆಗೆತಕ್ಕೆ ದಾಟುವವರು ಬೇರೆ ಇದ್ದಾರೆ. ಆದರೆ ಸಮಸ್ಯೆ ಒಂದೇ, ಉತ್ತರವೂ ಒಂದೇ. ಎಲ್ಲ ಕಡೆಯೂ ಉಬ್ಬುತಗ್ಗು ಇರುವ ವಸ್ತು ಒಂದೇ ಅಚ್ಚಿನಿಂದ ಮುರಿಯದೆ ಹೊರಬರಲಾರದು. ಅಚ್ಚನ್ನು ಸೀಳಬೇಕು, ಎಲ್ಲಿ ಸೀಳಬೇಕೆಂಬುದು ಕೆತ್ತುವವನಿಗೆ ಗೊತ್ತಿರಬೇಕು. ಹಾಗೆಯೇ ಅಚ್ಚಿನಲ್ಲಿ ಬಿದ್ದ ಕಚ್ಚು ಅದರಿಂದ ಹುಟ್ಟುವ ಎಲ್ಲದರ ಮೇಲೂ ಗಂಟಾಗಿ ಬರುತ್ತದೆ. ನಮ್ಮ ನವಿಲುಗಳನ್ನು ಮುಂದೊಂದು ದಿನ ಯಾರಾದರೂ ಅಗೆದು ತೆಗೆಯುವಂತಿದ್ದರೆ (ಇರುವೆಗಳು ಬಿಟ್ಟರೆ ತಾನೆ), ಇವೆಲ್ಲ ಒಂದೇ ಮನೆಯವು ಎಂದು ಆ ಗಂಟಿನಿಂದಲೇ ಹೇಳಬಹುದು.

ಸಕ್ಕರೆಯ ಕಥೆ ಮಾತ್ರ ಹತ್ತಿರದ ಕಾಲದ್ದು. ಕಬ್ಬು, ಬೆಲ್ಲ, ಕಲ್ಲುಸಕ್ಕರೆ ನಮ್ಮಲ್ಲಿ ಪ್ರಾಚೀನ. ಶರ್ಕರಾ ಎಂಬ ನಮ್ಮ ಮಾತೇ ದೇಶಾಂತರ ಸುತ್ತಿ ಇಂಗ್ಲಿಷಿನವರ ಶುಗರ್ ಆಯಿತು. ಆದರೆ ಸಾಧಾರಣ ಸಂಸಾರದವರು ಕಿಲೋಗಟ್ಟಲೆ ಬಿಳಿ ಸಕ್ಕರೆ ತಂದು ಆನೆ ಕುದುರೆ ಮಾಡುವುದು ಗಿರಣಿ ಸಕ್ಕರೆ ಬರುವ ಮುಂಚೆ ಸುಲಭವಿರಲಿಲ್ಲ. 1932ರಲ್ಲಿ ಭಾರತದ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ದೊರೆಯಿತು. ಮರುವರ್ಷ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕನ್ನಂಬಾಡಿಯ ನೀರು ಕಬ್ಬಾಗಿ, ಕಬ್ಬು ಸಕ್ಕರೆಯಾಯಿತು. ಇತ್ತ ಹೈದರಾಬಾದ್ ಸಂಸ್ಥಾನದಲ್ಲಿ 1937ರಲ್ಲಿ ಬೋಧನದಲ್ಲಿ ನಿಜಾಮ್ ಶುಗರ್ ಫ್ಯಾಕ್ಟರಿ ಎದ್ದಿತು, ಅದರ ಸುತ್ತ ಬೆಳೆದ ಬಡಾವಣೆಗೆ ಶಕ್ಕರ್‌ನಗರವೆಂದೇ ಹೆಸರಾಯಿತು. ಆ ಕಾರ್ಖಾನೆ 2015ರ ಕೊನೆಯಲ್ಲಿ ಬಾಗಿಲು ಹಾಕಿತು. ನಡುವೆ ಯುದ್ಧಕಾಲದ ರೇಷನ್ನು, ಆಮೇಲೆ ಲೆವಿ ಸಕ್ಕರೆಯ ದಿನಗಳೂ ಬಂದವು. ಕಾರ್ಡಿನ ಸಕ್ಕರೆಯನ್ನು ನವೆಂಬರಿನಿಂದಲೇ ಉಳಿಸಿ, ಮನೆಯವರಿಗೆಲ್ಲ ಬೆಲ್ಲದ ಕಾಫಿ ಕೊಟ್ಟು ಅಚ್ಚಿಗೆ ಕೂಡಿಡುತ್ತಿದ್ದೆನೆಂದು ನಮ್ಮ ತಾಯಿ ಹೇಳುತ್ತಿದ್ದರು. ಆ ವರ್ಷಗಳಲ್ಲಿ ಎಳ್ಳು ಬೀರುವ ತಟ್ಟೆಯಲ್ಲಿ ಒಬ್ಬರಿಗೆ ಒಂದೇ ಗಿಳಿ.

ನಮ್ಮ ಮನೆಯವರು ಕಲಬುರಗಿ ಕಡೆಯವರು. ಅಲ್ಲಿ ಅಚ್ಚಿನ ಗೊಡವೆಯಿಲ್ಲ, ಕುಸುರೆಳ್ಳು. ಅಗಲ ಪಾತ್ರೆಯಲ್ಲಿ ಎಳ್ಳನ್ನು ಸಣ್ಣ ಉರಿಯಲ್ಲಿಟ್ಟು, ಚಮಚದಷ್ಟು ಪಾಕ ಚಿಮುಕಿಸುತ್ತಾ ಬೆರಳಿನಿಂದ ಆಡಿಸುತ್ತಿದ್ದರೆ, ಪ್ರತಿ ಕಾಳಿನ ಮೇಲೂ ಸಕ್ಕರೆ ಹರಳುಗಟ್ಟಿ ಮುಳ್ಳು ಮುಳ್ಳಾಗಿ ಏಳುತ್ತದೆ. ಬೆರಳು ಸುಡುತ್ತದೆ, ಗಂಟೆಗಟ್ಟಲೆ ಕೂರಬೇಕು. ಮಹಾರಾಷ್ಟ್ರದಲ್ಲಿ ಇಂಥದರಿಂದಲೇ ಒಡವೆ ಮಾಡಿ ಹೊಸ ಸೊಸೆಗೂ ಎಳೆ ಮಗುವಿಗೂ ತೊಡಿಸುತ್ತಾರೆ. ಕಲಬುರಗಿ, ರಾಯಚೂರು, ಬೀದರ 1956ರ ನವೆಂಬರ್ 1ರವರೆಗೆ ಇದೇ ಹೈದರಾಬಾದಿನ ರಾಜ್ಯಕ್ಕೆ ಸೇರಿದ್ದು, ಮರಾಠವಾಡವೂ ಜೊತೆಗಿದ್ದುದು ನೆನಪಿದ್ದರೆ ಈ ಕೊಡುಕೊಳ್ಳುವಿಕೆಯಲ್ಲಿ ಆಶ್ಚರ್ಯವಿಲ್ಲ. “ನಿಮ್ಮದು ಕಟ್ಟಿಗಿ ಮಾಡೂ ಕೆಲಸ, ನಮ್ಮದು ಕೈ ಮಾಡೂ ಕೆಲಸ” ಎಂದು ನಮ್ಮ ಮನೆಯವರು ಪ್ರತಿವರ್ಷ ಚುಚ್ಚುತ್ತಾರೆ. ನಾವು ಉತ್ತರ ಕೊಟ್ಟು ಗೆದ್ದದ್ದಿಲ್ಲ.

ಅಚ್ಚಿನ ಪಕ್ಷಕ್ಕೆ ಈ ಊರಿನಲ್ಲಿ ಬೇರೆ ಬೆಂಬಲವಿದೆ. ಹೋಳಿಯ ಹೊತ್ತಿಗೆ ತೆಲಂಗಾಣದ ಅಂಗಡಿಗಳಲ್ಲಿ ತೂಗುವ ಸಕ್ಕರೆ ಹಾರಗಳೂ ಮರದ ಅಚ್ಚಿನವೇ. ಗುಳಿಗಳ ಉದ್ದಕ್ಕೂ ದಾರವಿಟ್ಟು ಪಾಕ ಹೊಯ್ಯುತ್ತಾರೆ. ಉತ್ತರದಲ್ಲಿ ದೀಪಾವಳಿಗೆ ಇದೇ ರೀತಿಯ ಸಕ್ಕರೆ ಆಟಿಕೆಗಳುಂಟು.

ಈಗ ಮೊದಲಿನ ಚರ್ಚೆಗೆ ಬರೋಣ. ಪೇಟೆಯಲ್ಲಿ ಪ್ಲಾಸ್ಟಿಕ್ಕಿನ, ರಬ್ಬರಿನಂಥ ಸಿಲಿಕೋನಿನ ಅಚ್ಚುಗಳು ಬಂದಿವೆ. ನೆನೆಸಬೇಕಿಲ್ಲ, ಸೀಳುವುದಿಲ್ಲ, ಹೊಸದಾಗಿ ಕಲಿಯುವವರು ಕೊಂಡರೆ ತಪ್ಪೇನಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಒಂದೇ ಮುಖದವು. ಆನೆ ತಟ್ಟೆಯ ಮೇಲೆ ಮಲಗಿರುತ್ತದೆ, ನಿಲ್ಲುವುದಿಲ್ಲ. ಜೊತೆ ಕಳೆದುಕೊಂಡ ನಮ್ಮ ಅರ್ಧ ಅಚ್ಚಿನಿಂದಲೂ ಅಂಥದೇ ಚಪ್ಪಟೆ ಆನೆ ಬಂತು. ಎದುರು ಮನೆಯ ತೆಲುಗು ಹುಡುಗ ಅದನ್ನು ತಿರುವಿ ನೋಡಿ, “ಅಂಕುಲ್, ಇಂಕೋ ಕನ್ನು ಏದಿ?” ಎಂದು ಇನ್ನೊಂದು ಕಣ್ಣನ್ನು ಕೇಳಿದ. ಎಸೆಯುವುದು ಬೇಡವೆಂದು ನಾವು ನಿಶ್ಚಯಿಸಿದ್ದು ಆಗ.

ಒಬ್ಬ ಬಡಗಿಯನ್ನು ವಿಚಾರಿಸಿದೆವು. ಇರುವ ಅರ್ಧವನ್ನು ಎದುರಿಗಿಟ್ಟುಕೊಂಡು, ಅದಕ್ಕೆ ಕನ್ನಡಿಯಲ್ಲಿ ಕಾಣುವಂತೆ ಇನ್ನೊಂದನ್ನು ಕೆತ್ತಬಹುದೆಂದೂ, ಅಂಚು ಸರಿಯಾಗಿ ಕೂಡಲು ಮರ ಚೆನ್ನಾಗಿ ಒಣಗಿರಬೇಕೆಂದೂ ಆತ ಹೇಳಿದ. ಗುಳಿಯನ್ನು ನೋಡಿ ಉಬ್ಬನ್ನು ಊಹಿಸುವುದು ಕಷ್ಟ, ಅದರಲ್ಲಿ ಎರಕ ಹೊಯ್ದದ್ದೊಂದು ಮಾದರಿಗೆ ಬೇಕೆಂದೂ ಕೇಳಿದ. ಅದಕ್ಕಾಗಿಯೇ ಒಂದು ಚಪ್ಪಟೆ ಆನೆಯನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟೆವು. ಮಳೆಗಾಲ ಮುಗಿದ ಮೇಲೆ ತೆರೆದರೆ ಅಲ್ಲಿ ಹತ್ತಿ ಮಾತ್ರ ಇತ್ತು, ಸುತ್ತ ಇರುವೆಯ ಸಾಲು. ಈ ಸಲ ಗೋಧಿ ಹಿಟ್ಟನ್ನು ಉಪ್ಪು ಹಾಕಿ ಗಟ್ಟಿಯಾಗಿ ಕಲಸಿ, ಅಚ್ಚಿಗೆ ಒತ್ತಿ ತೆಗೆದು, ಬಿಸಿಲಿಗೆ ಇಟ್ಟಿದ್ದೇವೆ. ಬಾಲ ಸ್ವಲ್ಪ ಬಿರುಕು ಬಿಟ್ಟಿದೆ, ಉಳಿದಂತೆ ಆನೆಯೇ.