ಸಿಮ್ಯುಲೇಶನ್ ವರ್ಕ್‌ಸ್ಟೇಷನ್‌ಗೆ ಪ್ರೊಸೆಸರ್ ಆಯ್ಕೆ

ಸಿಮ್ಯುಲೇಶನ್ ವರ್ಕ್‌ಸ್ಟೇಷನ್ ಎಂಬುದು ದ್ರವಗಳ ಹರಿವು, ಲೋಹದ ಬಾಗುವಿಕೆ, ಅಣುಗಳ ಚಲನೆ ಮುಂತಾದ ಭೌತಿಕ ವಿದ್ಯಮಾನಗಳನ್ನು ಸಮೀಕರಣಗಳ ಮೂಲಕ ಲೆಕ್ಕಹಾಕಲು ಬಳಸುವ ಉನ್ನತ ಸಾಮರ್ಥ್ಯದ ಗಣಕಯಂತ್ರವಾಗಿದೆ. ಸೀಮಿತ ಹಣದಲ್ಲಿ ಇಂತಹ ಯಂತ್ರವನ್ನು ಜೋಡಿಸಿಕೊಳ್ಳುವ ಸಂಶೋಧನಾ ವಿದ್ಯಾರ್ಥಿಗಳಿಗೂ ಕಾಲೇಜು ಪ್ರಯೋಗಾಲಯಗಳಿಗೂ ಪ್ರೊಸೆಸರ್‌ನ ಆಯ್ಕೆಯೇ ಮುಖ್ಯ ನಿರ್ಧಾರ. ಜಾಹೀರಾತುಗಳಲ್ಲಿ ಎದ್ದು ಕಾಣುವ ಕೋರ್‌ಗಳ ಸಂಖ್ಯೆ ಮತ್ತು ಗಿಗಾಹರ್ಟ್ಸ್ ವೇಗ ಈ ನಿರ್ಧಾರಕ್ಕೆ ಸಾಲುವುದಿಲ್ಲ. ಎಂಜಿನಿಯರಿಂಗ್ ಸಿಮ್ಯುಲೇಶನ್‌ಗಳಲ್ಲಿ ಹೆಚ್ಚಿನವುಗಳ ವೇಗವನ್ನು ನಿರ್ಧರಿಸುವುದು ಮೆಮೊರಿಯಿಂದ ಪ್ರೊಸೆಸರ್‌ಗೆ ದತ್ತಾಂಶ ಹರಿದುಬರುವ ಪ್ರಮಾಣ.

ಹಿನ್ನೆಲೆ

ಮಾರುಕಟ್ಟೆಯಲ್ಲಿ ಸುಲಭವಾಗಿ ದೊರೆಯುವ ಪ್ರೊಸೆಸರ್‌ಗಳಿಂದ ದೊಡ್ಡ ಲೆಕ್ಕಗಳನ್ನು ಮಾಡಿಸುವ ಪ್ರಯತ್ನ ಹೊಸದಲ್ಲ. ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯಲ್ಲಿ 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕ ರೂಪುಗೊಂಡಿತು. ಹೆಸರೇ ಸೂಚಿಸುವಂತೆ ಹರಿವಿನ ಸಮೀಕರಣಗಳನ್ನು ಬಿಡಿಸುವುದು ಅದರ ಉದ್ದೇಶವಾಗಿತ್ತು. ಅದರ ಮೊದಲ ಆವೃತ್ತಿಯಲ್ಲಿದ್ದುದು ಇಂಟೆಲ್‌ನ 8086 ಪ್ರೊಸೆಸರ್ ಮತ್ತು 8087 ಸಹಪ್ರೊಸೆಸರ್‌ಗಳು. 1994ರಲ್ಲಿ ಅಮೆರಿಕದ ನಾಸಾದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ 16 ಸಾಮಾನ್ಯ ಗಣಕಗಳನ್ನು ಜಾಲದಿಂದ ಜೋಡಿಸಿ ಬೇವುಲ್ಫ್ ಎಂಬ ಸಮೂಹಗಣಕವನ್ನು ನಿರ್ಮಿಸಿದರು. ಅಂದು ಹಲವು ಯಂತ್ರಗಳನ್ನು ಬೇಡುತ್ತಿದ್ದ ಕೋರ್‌ಗಳು ಇಂದು ಒಂದೇ ಪ್ರೊಸೆಸರ್‌ನೊಳಗೆ ಇವೆ. ಆದರೆ ಲೆಕ್ಕ ಮಾಡುವ ವೇಗ ಬೆಳೆದಷ್ಟು ಮೆಮೊರಿಯ ವೇಗ ಬೆಳೆಯಲಿಲ್ಲ. ವಿಲಿಯಂ ವುಲ್ಫ್ ಮತ್ತು ಸ್ಯಾಲಿ ಮೆಕೀ 1995ರ ಪ್ರಬಂಧವೊಂದರಲ್ಲಿ ಈ ಅಂತರವನ್ನು ‘ಮೆಮೊರಿ ಗೋಡೆ’ ಎಂದು ಕರೆದರು.

ಮೆಮೊರಿ ಬ್ಯಾಂಡ್‌ವಿಡ್ತ್

ಓಪನ್‌ಫೋಮ್‌ನಂತಹ ದ್ರವಚಲನಾ ತಂತ್ರಾಂಶಗಳು ಹರಿವಿನ ಪ್ರದೇಶವನ್ನು ಲಕ್ಷಾಂತರ ಸಣ್ಣ ಕೋಶಗಳಾಗಿ ವಿಭಜಿಸುತ್ತವೆ. ಪ್ರತಿ ಕೋಶವೂ ತನ್ನ ನೆರೆಯ ಕೆಲವೇ ಕೋಶಗಳೊಡನೆ ಸಂಬಂಧ ಹೊಂದಿರುವುದರಿಂದ ಬಹುಪಾಲು ಸೊನ್ನೆಗಳೇ ತುಂಬಿದ ದೊಡ್ಡ ಮ್ಯಾಟ್ರಿಕ್ಸ್ ದೊರೆಯುತ್ತದೆ. ಸೊನ್ನೆಯಲ್ಲದ ಪ್ರತಿ ಅಂಶಕ್ಕೆ 8 ಬೈಟ್‌ಗಳ ಮೌಲ್ಯವನ್ನೂ, ಅದರ ಸ್ಥಾನವನ್ನು ಸೂಚಿಸುವ 4 ಬೈಟ್‌ಗಳನ್ನೂ ಮೆಮೊರಿಯಿಂದ ತರಬೇಕು. ತಂದ ಮೇಲೆ ನಡೆಯುವುದು ಒಂದು ಗುಣಾಕಾರ ಮತ್ತು ಒಂದು ಸಂಕಲನ ಮಾತ್ರ. ಅಂದರೆ 12 ಬೈಟ್‌ಗಳ ಸಾಗಾಟಕ್ಕೆ ಎರಡೇ ಲೆಕ್ಕಗಳು.

ಇದರ ಪರಿಣಾಮವನ್ನು ಒಂದು ಹೋಲಿಕೆಯಿಂದ ತಿಳಿಯಬಹುದು. 2020ರಲ್ಲಿ ಬಿಡುಗಡೆಯಾದ ಎಎಂಡಿ ರೈಜೆನ್ 9 5950ಎಕ್ಸ್ 16 ಕೋರ್‌ಗಳ ಡೆಸ್ಕ್‌ಟಾಪ್ ಪ್ರೊಸೆಸರ್. ಮೂಲ ವೇಗವಾದ 3.4 ಗಿಗಾಹರ್ಟ್ಸ್‌ನಲ್ಲಿ ಅದು ಸೆಕೆಂಡಿಗೆ ಸುಮಾರು 87,000 ಕೋಟಿ ಡಬಲ್ ಪ್ರಿಸಿಷನ್ ಲೆಕ್ಕಗಳನ್ನು ಮಾಡಬಲ್ಲದು. ಅದಕ್ಕಿರುವ ಮೆಮೊರಿ ಚಾನೆಲ್‌ಗಳು ಎರಡು. ಡಿಡಿಆರ್4-3200 ಮೆಮೊರಿಯೊಡನೆ ಸೆಕೆಂಡಿಗೆ ಗರಿಷ್ಠ 51.2 ಗಿಗಾಬೈಟ್ ದತ್ತಾಂಶ ಬರಬಹುದು. ಮೇಲಿನ ಪ್ರಮಾಣದಲ್ಲಿ ಅಷ್ಟು ದತ್ತಾಂಶ ಸುಮಾರು 850 ಕೋಟಿ ಲೆಕ್ಕಗಳಿಗೆ ಸಾಕು. ಕ್ಯಾಶೆಯ ನೆರವನ್ನು ಬದಿಗಿಟ್ಟರೆ, ಪ್ರೊಸೆಸರ್‌ನ ಸಾಮರ್ಥ್ಯದಲ್ಲಿ ಶೇಕಡಾ ಒಂದರಷ್ಟು ಮಾತ್ರ ಬಳಕೆಯಾಗುತ್ತದೆ. ಉಳಿದ ಹೊತ್ತು ಕೋರ್‌ಗಳು ದತ್ತಾಂಶಕ್ಕಾಗಿ ಕಾಯುತ್ತಿರುತ್ತವೆ.

2019ರ ಎಎಂಡಿ ಎಪಿಕ್ 7302 ಸರ್ವರ್ ಪ್ರೊಸೆಸರ್‌ನಲ್ಲಿಯೂ 16 ಕೋರ್‌ಗಳಿವೆ. ಅದು ಒಂದು ವರ್ಷ ಹಳೆಯದು, ವೇಗದಲ್ಲಿಯೂ ಕಡಿಮೆ. ಆದರೆ ಎಂಟು ಚಾನೆಲ್‌ಗಳಿರುವುದರಿಂದ ಅದೇ ಬಗೆಯ ಮೆಮೊರಿಯೊಡನೆ ಅದರ ಬ್ಯಾಂಡ್‌ವಿಡ್ತ್ ಸೆಕೆಂಡಿಗೆ 204.8 ಗಿಗಾಬೈಟ್, ಅಂದರೆ ನಾಲ್ಕು ಪಟ್ಟು. ಇತ್ತೀಚಿನ ಡೆಸ್ಕ್‌ಟಾಪ್‌ಗಳಲ್ಲಿನ ಡಿಡಿಆರ್5-5600 ಕೂಡ ಎರಡು ಚಾನೆಲ್‌ಗಳಲ್ಲಿ 89.6 ಗಿಗಾಬೈಟ್‌ವರೆಗೆ ಮಾತ್ರ ತಲುಪುತ್ತದೆ. ಇವೆಲ್ಲ ಸೈದ್ಧಾಂತಿಕ ಗರಿಷ್ಠ ಮಿತಿಗಳು. ವಾಸ್ತವ ವೇಗವನ್ನು ಅಳೆಯಲು ಜಾನ್ ಮೆಕಾಲ್ಪಿನ್ ರೂಪಿಸಿದ ಸ್ಟ್ರೀಮ್ ಎಂಬ ಪರೀಕ್ಷಾ ಕ್ರಮವಿಧಿ ವ್ಯಾಪಕ ಬಳಕೆಯಲ್ಲಿದೆ.

ಚಾನೆಲ್‌ಗಳಿದ್ದರೆ ಸಾಲದು, ಅವನ್ನು ತುಂಬಬೇಕು. ಎಂಟು ಚಾನೆಲ್‌ಗಳ ಯಂತ್ರಕ್ಕೆ 64 ಗಿಗಾಬೈಟ್‌ನ ಎರಡು ಮೆಮೊರಿ ಪಟ್ಟಿಗಳನ್ನು ಹಾಕಿದರೆ ಒಟ್ಟು ಮೆಮೊರಿ 128 ಗಿಗಾಬೈಟ್ ಆಗುತ್ತದಾದರೂ ಬ್ಯಾಂಡ್‌ವಿಡ್ತ್ ಕಾಲು ಭಾಗಕ್ಕೆ ಇಳಿಯುತ್ತದೆ. ಅದೇ ಮೆಮೊರಿಯನ್ನು 16 ಗಿಗಾಬೈಟ್‌ನ ಎಂಟು ಪಟ್ಟಿಗಳಾಗಿ ಹಾಕುವುದೇ ಸರಿಯಾದ ಕ್ರಮ. ಡೆಸ್ಕ್‌ಟಾಪ್‌ಗಳಲ್ಲಿ ಇದಕ್ಕೆ ವಿರುದ್ಧವಾದ ತೊಡಕಿದೆ: ರೈಜೆನ್ 7000 ಸರಣಿಯಲ್ಲಿ ಎರಡು ಪಟ್ಟಿಗಳಿಗೆ ಡಿಡಿಆರ್5-5200 ಅಧಿಕೃತ ವೇಗವಾದರೆ, ನಾಲ್ಕು ಪಟ್ಟಿಗಳನ್ನು ಹಾಕಿದಾಗ ಅದು 3600ಕ್ಕೆ ಇಳಿಯುತ್ತದೆ. ದ್ರವಚಲನಾ ಲೆಕ್ಕಗಳಲ್ಲಿ ಹತ್ತು ಲಕ್ಷ ಕೋಶಗಳಿಗೆ ಸುಮಾರು 1ರಿಂದ 2 ಗಿಗಾಬೈಟ್ ಮೆಮೊರಿ ಬೇಕೆಂಬುದು ರೂಢಿಯ ಅಂದಾಜು.

ಕೋರ್‌ಗಳ ಸಂಖ್ಯೆ ಮತ್ತು ಬಗೆ

ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದ ವಾದದ ಪ್ರಕಾರ, ಕ್ರಮವಿಧಿಯಲ್ಲಿ ಹಂಚಲಾಗದ ಭಾಗ ಶೇಕಡಾ 5ರಷ್ಟಿದ್ದರೂ ಎಷ್ಟೇ ಕೋರ್‌ಗಳಿಂದ ವೇಗ 20 ಪಟ್ಟನ್ನು ಮೀರದು. 16 ಕೋರ್‌ಗಳಲ್ಲಿ ದೊರೆಯುವುದು ಸುಮಾರು 9 ಪಟ್ಟು. ಬ್ಯಾಂಡ್‌ವಿಡ್ತ್‌ನ ಮಿತಿ ಇದರ ಮೇಲೆ ಸೇರುತ್ತದೆ: ಎರಡು ಚಾನೆಲ್‌ಗಳ ಯಂತ್ರದಲ್ಲಿ ಕೆಲವು ಕೋರ್‌ಗಳ ನಂತರ ಹೆಚ್ಚುವರಿ ಕೋರ್‌ಗಳಿಂದ ದ್ರವಚಲನಾ ಲೆಕ್ಕಗಳಿಗೆ ಅಷ್ಟಾಗಿ ಪ್ರಯೋಜನವಿಲ್ಲ. ವಾಣಿಜ್ಯ ತಂತ್ರಾಂಶಗಳು ಹಲವು ಬಾರಿ ಕೋರ್‌ಗಳನ್ನು ಎಣಿಸಿ ಪರವಾನಗಿ ಶುಲ್ಕ ವಿಧಿಸುತ್ತವೆ. ಅಲ್ಲಿ ಪ್ರತಿ ಕೋರ್‌ಗೆ ಹೆಚ್ಚು ಬ್ಯಾಂಡ್‌ವಿಡ್ತ್ ಇರುವ, ಕಡಿಮೆ ಕೋರ್‌ಗಳ ಪ್ರೊಸೆಸರ್ ದುಬಾರಿ ಎನಿಸಿದರೂ ಒಟ್ಟಿನಲ್ಲಿ ಅಗ್ಗವಾಗಬಹುದು.

2021ರ ಇಂಟೆಲ್ 12ನೇ ಪೀಳಿಗೆಯಿಂದ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ವೇಗದ ಕೋರ್‌ಗಳೊಡನೆ ವಿದ್ಯುತ್ ಉಳಿಸುವ ನಿಧಾನ ಕೋರ್‌ಗಳೂ ಬಂದಿವೆ. ಕೆಲಸವನ್ನು ಸಮಪಾಲು ಮಾಡಿ ಹಂಚುವ ಸಿಮ್ಯುಲೇಶನ್‌ಗಳಲ್ಲಿ ಎಲ್ಲ ಕೋರ್‌ಗಳೂ ಪ್ರತಿ ಹಂತದಲ್ಲಿ ಅತಿ ನಿಧಾನದ ಕೋರ್‌ಗಾಗಿ ಕಾಯಬೇಕಾಗುವುದರಿಂದ ಈ ಮಿಶ್ರಣ ಹೊಂದುವುದಿಲ್ಲ.

ರಚನಾ ವಿಶ್ಲೇಷಣೆಯ ಸ್ಥಿತಿ ಬೇರೆ. ಸಮೀಕರಣಗಳನ್ನು ನೇರ ವಿಧಾನದಿಂದ ಬಿಡಿಸುವ ತಂತ್ರಾಂಶಗಳು ಒಮ್ಮೆ ತಂದ ದತ್ತಾಂಶವನ್ನು ಮತ್ತೆ ಮತ್ತೆ ಬಳಸುವುದರಿಂದ ಲೆಕ್ಕದ ವೇಗವೂ ಎವಿಎಕ್ಸ್-512ರಂತಹ ವಿಶಾಲ ಸೂಚನೆಗಳೂ ಅಲ್ಲಿ ಫಲ ಕೊಡುತ್ತವೆ. ಆದರೆ ಮೆಮೊರಿಯ ಗಾತ್ರ ಬಹಳ ಬೇಕಾಗುತ್ತದೆ.

ಗ್ರಾಫಿಕ್ಸ್ ಪ್ರೊಸೆಸರ್‌ಗಳು

ಅಣುಚಲನೆಯ ಗ್ರೋಮ್ಯಾಕ್ಸ್ ತಂತ್ರಾಂಶ ಹೆಚ್ಚಿನ ಲೆಕ್ಕಗಳನ್ನು ಸಿಂಗಲ್ ಪ್ರಿಸಿಷನ್‌ನಲ್ಲಿಯೇ ನಡೆಸುವುದರಿಂದ ಸಾಮಾನ್ಯ ಗೇಮಿಂಗ್ ಕಾರ್ಡ್ ಕೂಡ ಅದಕ್ಕೆ ಉತ್ತಮ ಹೂಡಿಕೆ. ಡಬಲ್ ಪ್ರಿಸಿಷನ್ ಬೇಡುವ ಕೆಲಸಗಳಿಗೆ ಈ ಮಾತು ಅನ್ವಯಿಸದು: ಎನ್‌ವಿಡಿಯಾ ಆರ್‌ಟಿಎಕ್ಸ್ 3090ರಲ್ಲಿ ಅದರ ವೇಗ ಸಿಂಗಲ್ ಪ್ರಿಸಿಷನ್‌ನ 64ನೇ ಒಂದು ಭಾಗ, ದತ್ತಾಂಶ ಕೇಂದ್ರಗಳಿಗಾಗಿ ರೂಪಿಸಿದ ಎ100ರಲ್ಲಿ ಅರ್ಧದಷ್ಟು.

ಬಳಸಿದ ಸರ್ವರ್ ಭಾಗಗಳು

ದತ್ತಾಂಶ ಕೇಂದ್ರಗಳು ಕೆಲವು ವರ್ಷಗಳಿಗೊಮ್ಮೆ ಯಂತ್ರಗಳನ್ನು ಬದಲಿಸುವುದರಿಂದ ಹಳೆಯ ಸರ್ವರ್ ಪ್ರೊಸೆಸರ್‌ಗಳು ಮೂಲ ಬೆಲೆಗಿಂತ ಬಹಳ ಕಡಿಮೆಗೆ ಮಾರಾಟಕ್ಕೆ ಬರುತ್ತವೆ. ನಾಲ್ಕು ಚಾನೆಲ್‌ಗಳಲ್ಲಿ ಡಿಡಿಆರ್4-2400 ಬಳಸುವ ಎರಡು ಇಂಟೆಲ್ ಝಿಯಾನ್ ಇ5-2600 ವಿ4 ಪ್ರೊಸೆಸರ್‌ಗಳನ್ನು ಒಂದೇ ಬೋರ್ಡಿನಲ್ಲಿ ಜೋಡಿಸಿದರೆ ಒಟ್ಟು 153.6 ಗಿಗಾಬೈಟ್ ಬ್ಯಾಂಡ್‌ವಿಡ್ತ್ ದೊರೆಯುತ್ತದೆ. ಆದರೆ ಪ್ರತಿ ಪ್ರೊಸೆಸರ್‌ಗೂ ತನ್ನದೇ ಮೆಮೊರಿಯಿದ್ದು, ಪಕ್ಕದ್ದರಿಂದ ತರುವುದು ನಿಧಾನ. ಆದುದರಿಂದ ಪ್ರತಿ ಕೆಲಸವನ್ನೂ ನಿಗದಿತ ಕೋರ್‌ಗೆ ಕಟ್ಟಿಹಾಕಿ ನಡೆಸಬೇಕು. ದಿನಗಟ್ಟಲೆ ಓಡುವ ಲೆಕ್ಕಗಳಲ್ಲಿ ಮೆಮೊರಿಯ ದೋಷಗಳನ್ನು ಪತ್ತೆಹಚ್ಚಿ ಸರಿಪಡಿಸುವ ಇಸಿಸಿ ಸೌಲಭ್ಯ ಇವುಗಳಲ್ಲಿ ಸಹಜವಾಗಿಯೇ ಇದೆ.

ಉಳಿತಾಯದ ಒಂದು ಭಾಗ ವಿದ್ಯುತ್ ಬಿಲ್ಲಿಗೂ, ಸರ್ವರ್ ಬೋರ್ಡ್ ಮತ್ತು ತಂಪುಕಾರಕಗಳಿಗೂ ಹೋಗುತ್ತದೆ. ಕೆಲವು ಸರ್ವರ್ ತಯಾರಕರು ಎಪಿಕ್ ಪ್ರೊಸೆಸರ್‌ಗಳನ್ನು ತಮ್ಮ ಬೋರ್ಡುಗಳಿಗೆ ಮಾತ್ರ ಶಾಶ್ವತವಾಗಿ ಬಂಧಿಸಿರುತ್ತಾರೆ. ಅಂತಹ ಪ್ರೊಸೆಸರ್ ಬೇರೆ ಬೋರ್ಡಿನಲ್ಲಿ ಚಾಲೂ ಆಗುವುದೇ ಇಲ್ಲ. ಈ ಬಂಧನ ಹೊರನೋಟಕ್ಕೆ ಕಾಣುವಂಥದ್ದಲ್ಲವಾದ್ದರಿಂದ ಖರೀದಿಗೆ ಮುನ್ನ ಮಾರಾಟಗಾರರಿಂದ ಖಚಿತಪಡಿಸಿಕೊಳ್ಳಬೇಕಾಗುತ್ತದೆ.